ತಂತಿಯ ದನಿಯೂ ಮರದ ದನಿಯೂ

ವೀಣೆಯ ನಾದ ತಂತಿಯಿಂದ ಹುಟ್ಟುವುದೆಂದು ನಾವೆಲ್ಲರೂ ಹೇಳುತ್ತೇವೆ. ಈ ಮಾತು ರೂಢಿಗೆ ಸರಿಯೇ. ಆದರೆ ಪರೀಕ್ಷೆಗೆ ನಿಲ್ಲದು. ವೀಣೆಯಿಂದ ಒಂದು ತಂತಿಯನ್ನು ಬಿಚ್ಚಿ, ಎರಡು ಕಲ್ಲುಕಂಬಗಳ ನಡುವೆ ಅಷ್ಟೇ ಬಿಗಿಯಾಗಿ ಕಟ್ಟಿ ಮೀಟಿ ನೋಡಿದರೆ, ಪಕ್ಕದಲ್ಲಿ ನಿಂತವನಿಗೆ ಏನೋ ಮಿಡಿದಂತೆ ಕೇಳಿಸೀತು. ಹತ್ತು ಅಡಿ ಆಚೆಗೆ ಅದೂ ಇಲ್ಲ. ತಂತಿ ಅದೇ, ಬಿಗಿ ಅದೇ, ಮೀಟಿದ ಬೆರಳೂ ಅದೇ. ಹೋದದ್ದು ಮರವೊಂದೇ. ಮರದೊಡನೆ ನಾದವೂ ಹೋಯಿತು.

ವಾದ್ಯಗಳಲ್ಲಿ ದನಿ ಹುಟ್ಟುವುದು ಹೇಗೆ, ಹುಟ್ಟಿದ ಸಣ್ಣ ದನಿ ದೊಡ್ಡದಾಗುವುದು ಹೇಗೆ, ಈ ರಹಸ್ಯವನ್ನು ಮನುಷ್ಯನು ಯಾವ ಯಾವ ಕಾಲದಲ್ಲಿ ಎಷ್ಟೆಷ್ಟು ತಿಳಿದುಕೊಂಡನು ಎಂಬುದೇ ಇಂದಿನ ನಮ್ಮ ವಿಷಯ. ಇದನ್ನು ಎತ್ತಿಕೊಳ್ಳುವುದಕ್ಕೆ ನಮಗೆ ಒಂದು ಕಾರಣವುಂಟು. ಪಿಟೀಲಿನ ಮುಂದೆ ವೀಣೆಯ ದನಿ ಕ್ಷೀಣವೆಂದೂ, ನಮ್ಮ ಪೂರ್ವಿಕರಿಗೆ ನಾದವನ್ನು ಹೆಚ್ಚಿಸುವ ಉಪಾಯ ತಿಳಿಯದೆ ಹೋದುದೇ ಇದಕ್ಕೆ ಕಾರಣವೆಂದೂ ಹೇಳುವವರಿದ್ದಾರೆ. ವೀಣೆಯ ಊರೆಂದು ಹೆಸರಾದ ಮೈಸೂರಿನ ಸೀಮೆಯಲ್ಲಿ ಈ ಆಕ್ಷೇಪಣೆಯನ್ನು ಕೇಳಿ ಸುಮ್ಮನಿರುವುದು ಸುಲಭವಲ್ಲ. ಆದರೆ ಅಭಿಮಾನದಿಂದ ಉತ್ತರ ಹೇಳುವುದಕ್ಕಿಂತ ಮೊದಲು ವಿಚಾರಮಾಡುವುದು ಲೇಸು.

ತಂತಿ ಒಂಟಿಯಾಗಿದ್ದಾಗ ಏಕೆ ಮೂಕ? ಸೆಕೆಗೆ ಬೀಸಿಕೊಳ್ಳಬೇಕಾದರೆ ನಾವು ಬೀಸಣಿಗೆಯನ್ನು ಹುಡುಕುತ್ತೇವೆ, ಕಡ್ಡಿಯನ್ನಲ್ಲ. ಕಡ್ಡಿಯನ್ನು ಎಷ್ಟು ಬೀಸಿದರೂ ಗಾಳಿ ಅದರ ಎರಡು ಪಕ್ಕಗಳಿಂದಲೂ ನುಸುಳಿಹೋಗುವುದು. ತಂತಿಯ ಅವಸ್ಥೆಯೂ ಇದೇ. ಅದು ಬಲಕ್ಕೆ ಸರಿದಾಗ ಬಲಗಡೆಯ ಗಾಳಿ ಒತ್ತಲ್ಪಡುವುದು, ಎಡಗಡೆಯದು ವಿರಳವಾಗುವುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ೧೧೦೦ ಅಡಿಗಳಿಗೆ ತುಸು ಹೆಚ್ಚು. ಸೆಕೆಂಡಿಗೆ ೧೫೦ ಸಲ ಅದುರುವ ತಂತಿಯಿಂದ ಹೊರಡಬೇಕಾದ ಅಲೆಯ ಉದ್ದ ಸುಮಾರು ಏಳೂವರೆ ಅಡಿ. ತಂತಿಯ ದಪ್ಪವಾದರೋ ಅಂಗುಲದ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಒತ್ತಿದ ಗಾಳಿ ಅಲೆಯಾಗಿ ಮುಂದೆ ಸಾಗುವುದಕ್ಕೆ ಮೊದಲೇ ತಂತಿಯನ್ನು ಸುತ್ತಿ ಹಿಂದಿನ ಕೊರತೆಯನ್ನು ತುಂಬಿಬಿಡುವುದು. ಇದನ್ನು ಗಣಿತದಿಂದ ಸಾಧಿಸಿ ತೋರಿಸಿದವನು ಕೇಂಬ್ರಿಡ್ಜಿನ ಸ್ಟೋಕ್ಸ್, ವರ್ಷ ೧೮೬೮. ವಾದ್ಯ ಮಾಡುವ ಬಡಗಿಗಳು ಅದಕ್ಕೆ ಸಾವಿರಾರು ವರ್ಷ ಮೊದಲೇ ತಂತಿಯನ್ನು ಸೋರೆಬುರುಡೆಗೆ ಕಟ್ಟಿದ್ದರೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಹಾಗಾದರೆ ತಂತಿಗೆ ಕೆಲಸವೇ ಇಲ್ಲವೇ? ಉಂಟು. ಶ್ರುತಿಯನ್ನು ನಿರ್ಣಯಿಸುವುದು ಅದರ ಕೆಲಸ. ಉದ್ದ ಅರ್ಧವಾದರೆ ಕಂಪನ ಇಮ್ಮಡಿ. ಬಿಗಿ ನಾಲ್ಕು ಪಾಲಾದರೆ ಕಂಪನ ಎರಡು ಪಾಲು. ತೂಕ ಹೆಚ್ಚಿದಷ್ಟೂ ಸ್ವರ ಮಂದ್ರಕ್ಕೆ ಇಳಿಯುವುದು. ಫ್ರಾನ್ಸಿನ ಪಾದ್ರಿ ಮೆರ್ಸೆನ್ ೧೬೩೬ರಲ್ಲಿ ಈ ನಿಯಮಗಳನ್ನು ಅಚ್ಚುಹಾಕಿಸಿದನು. ಸ್ವರವನ್ನು ತಂತಿ ಗೊತ್ತುಮಾಡುವುದು. ಸಭೆಗೆ ಹಂಚುವುದು ಮರ. ತಂತಿಯ ಅದುರುವಿಕೆ ಕುದುರೆಯ ಕಾಲುಗಳ ಮೂಲಕ ಕೊಡದ ಮೇಲುಹಲಗೆಗೆ ಇಳಿಯುವುದು. ಹಲಗೆ ಅಗಲವಾದದ್ದು, ಅದು ಮೇಲೆ ಕೆಳಗೆ ಆಡಿದರೆ ಗಾಳಿ ಸುಲಭವಾಗಿ ತಪ್ಪಿಸಿಕೊಳ್ಳಲಾರದು. ಕಡ್ಡಿ ಬೀಸಣಿಗೆಯಾಯಿತು. ಹಲಗೆಯ ಕೆಳಗಿನ ಟೊಳ್ಳಿನಲ್ಲಿರುವ ಗಾಳಿಯೂ ತನಗೆ ಒಪ್ಪುವ ಕೆಲವು ಸ್ವರಗಳಿಗೆ ದನಿಗೂಡಿಸುವುದು. ನಲ್ಲಿಯ ಕೆಳಗೆ ಕೊಡವಿಟ್ಟು, ಕಣ್ಣಿನಿಂದ ನೋಡದೆ, ಏರುತ್ತಿರುವ ದನಿಯನ್ನು ಕೇಳಿಯೇ ‘ಇನ್ನೇನು ತುಂಬಿತು’ ಎಂದು ಎದ್ದುಬರುವ ಗೃಹಿಣಿ ಈ ಶಾಸ್ತ್ರವನ್ನು ಯಾರಿಂದಲೂ ಕಲಿತವಳಲ್ಲ. ಒಳಗಿನ ಗಾಳಿ ಕಡಮೆಯಾದಷ್ಟೂ ಅದರ ಶ್ರುತಿ ಏರುವುದೆಂಬುದು ಅವಳ ಕಿವಿಗೆ ಗೊತ್ತು.

ಇಲ್ಲಿ ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕು. ಮರ ನಾದವನ್ನು ‘ಹೆಚ್ಚಿಸುವುದು’ ಎನ್ನುತ್ತೇವಲ್ಲವೆ? ಅದು ಹೆಚ್ಚಿಸುವುದು ಎಲ್ಲಿಂದ ತಂದು? ಶ್ರುತಿ ಹಿಡಿಯುವ ಉಕ್ಕಿನ ಕವೆಯನ್ನು ತಟ್ಟಿ ಕೈಯಲ್ಲಿಯೇ ಹಿಡಿದುಕೊಂಡರೆ ಅದು ಸಣ್ಣಗೆ ಬಹಳ ಹೊತ್ತು ನುಡಿಯುತ್ತಿರುವುದು. ಅದೇ ಕವೆಯ ಬುಡವನ್ನು ಮೇಜಿನ ಮೇಲೆ ಊರಿದರೆ ಕೋಣೆಯೆಲ್ಲ ಕೇಳಿಸುವುದು. ಆದರೆ ಬೇಗ ಆರಿಹೋಗುವುದು. ಮೇಜು ತನ್ನ ಕೈಯಿಂದ ಏನನ್ನೂ ಕೊಡಲಿಲ್ಲ. ಕವೆಯಲ್ಲಿದ್ದ ಶಕ್ತಿಯನ್ನು ಬೇಗಬೇಗನೆ ಬಟವಾಡೆ ಮಾಡಿತು, ಅಷ್ಟೆ. ಮೀಟಿ ನುಡಿಸುವ ಯಾವ ವಾದ್ಯಕ್ಕೂ ಈ ಲೆಕ್ಕ ತಪ್ಪದು. ಬೆರಳು ಕೊಟ್ಟ ಗಂಟು ಒಂದೇ. ಅದನ್ನು ಒಮ್ಮೆಗೇ ಸೂರೆಮಾಡಿದರೆ ದನಿ ದೊಡ್ಡದು, ಆಯುಸ್ಸು ಚಿಕ್ಕದು. ಕೈಹಿಡಿದು ಖರ್ಚುಮಾಡಿದರೆ ದನಿ ಚಿಕ್ಕದು, ಆಯುಸ್ಸು ದೊಡ್ಡದು. ಅಮೆರಿಕದವರ ಬಾಂಜೋ ವಾದ್ಯದಲ್ಲಿ ಹಲಗೆಯ ಬದಲು ತೆಳುವಾದ ಚರ್ಮವಿದೆ. ಅದು ಥಟ್ಟನೆ ದೊಡ್ಡದಾಗಿ ನುಡಿದು ಥಟ್ಟನೆ ನಿಲ್ಲುವುದು. ಹಲಸಿನ ಮರದ ದಪ್ಪ ಕೊಡವುಳ್ಳ ವೀಣೆ ಇದಕ್ಕೆ ತೀರ ವಿರುದ್ಧ.

ವೀಣೆಗೆ ಈ ದೀರ್ಘಾಯುಸ್ಸು ಬೇಕಾದದ್ದೇಕೆ ಎಂಬುದನ್ನು ವೀಣೆ ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಒಂದೇ ಮೀಟಿನಲ್ಲಿ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಗಳನ್ನು ತೂಗಿ ಬರುವುದು ನಮ್ಮ ಗಮಕದ ಜೀವಾಳ. ಎಳೆಯುತ್ತಿರುವಾಗಲೇ ದನಿ ಸತ್ತುಹೋದರೆ ಗಮಕವೆಲ್ಲಿ? ತೋಡಿಯ ಗಾಂಧಾರವನ್ನು ಬಾಂಜೋವಿನ ಮೇಲೆ ನುಡಿಸಹೊರಟವನ ಪಾಡನ್ನು ಊಹಿಸಿಕೊಳ್ಳಬಹುದು. ವೀಣೆಯ ದನಿ ಸಣ್ಣದಾದದ್ದು ಅಜ್ಞಾನದಿಂದಲ್ಲ. ದೀರ್ಘತೆಗಾಗಿ ತೆತ್ತ ಬೆಲೆಯೆಂದೇ ನಮ್ಮ ಅಭಿಪ್ರಾಯ. ಈ ವಾದ್ಯ ಒಂದೇ ದಿನ ಈ ರೂಪಕ್ಕೆ ಬಂದದ್ದೂ ಅಲ್ಲ. ಕೋಲಿಗೆ ಬುರುಡೆ ಕಟ್ಟಿದ ವೀಣೆಗಳಿಂದ ಹೊರಟು, ವಿಜಯನಗರದಲ್ಲಿ ರಾಮಾಮಾತ್ಯನು ೧೫೫೦ರಲ್ಲಿ ಬರೆದ ಸ್ವರಮೇಳಕಲಾನಿಧಿಯಲ್ಲಿ ಮೆಟ್ಟಿಲುಗಳ ಸ್ಥಾನವಿಚಾರವನ್ನು ಕಂಡು, ಹದಿನೇಳನೆಯ ಶತಮಾನದ ತಂಜಾವೂರಿನಲ್ಲಿ ರಘುನಾಥ ನಾಯಕನ ಕಾಲಕ್ಕೆ ೨೪ ಮೆಟ್ಟಿಲುಗಳ ಈಗಿನ ಏರ್ಪಾಟಿಗೆ ಬಂತೆಂದು ಹೇಳುತ್ತಾರೆ. ದಂಡಿಯ ಮೇಲ್ತುದಿಯಲ್ಲಿ ತೂಗುವ ಸೋರೆಬುರುಡೆ ಹಳೆಯ ವಂಶದ ಗುರುತು. ಅದರಿಂದ ನಾದಕ್ಕೆ ಈಗ ಆಗುವ ಸಹಾಯ ಅಲ್ಪ. ತೊಡೆಗೆ ಆನಿಸಿಕೊಳ್ಳುವುದಕ್ಕೆ ಮಾತ್ರ ಬಹಳ ಅನುಕೂಲ.

ಪಿಟೀಲಿನ ಸಂಗತಿಯೇ ಬೇರೆ. ಅಲ್ಲಿ ಕಮಾನು ತಂತಿಯನ್ನು ಹಿಡಿದು ಎಳೆಯುವುದು, ಜಾರಿಬಿಡುವುದು, ಮತ್ತೆ ಹಿಡಿಯುವುದು. ಹೀಗೆ ಸೆಕೆಂಡಿಗೆ ನೂರಾರು ಸಲ. ಖರ್ಚಾದ ಶಕ್ತಿಯನ್ನು ತೋಳು ಕ್ಷಣಕ್ಷಣಕ್ಕೂ ತುಂಬಿಕೊಡುತ್ತಿರುವುದು. ವರಮಾನ ನಿಲ್ಲದೆ ಬರುವ ಮನೆಯಲ್ಲಿ ಧಾರಾಳವಾಗಿ ಖರ್ಚುಮಾಡಬಹುದು. ಆದುದರಿಂದ ಪಿಟೀಲಿನ ಹಲಗೆ ತೆಳು, ಹಗುರ, ದಾನಿ. ಹೊಟ್ಟೆಯೊಳಗೆ ಮೇಲುಹಲಗೆಗೂ ಕೆಳಹಲಗೆಗೂ ನಡುವೆ ಒಂದು ಸಣ್ಣ ಕಡ್ಡಿಯನ್ನು ನಿಲ್ಲಿಸಿರುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೂ ವಾದ್ಯದ ಗುಣ ಬದಲಾಗುವುದು. ಫ್ರೆಂಚರು ಆ ಕಡ್ಡಿಯನ್ನು ‘ಆತ್ಮ’ವೆಂದೇ ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ಯಾರಿಸಿನ ಸಾವಾರ್ ಎಂಬ ವೈದ್ಯ ಈ ಕಡ್ಡಿಯನ್ನೂ ಹಲಗೆಗಳನ್ನೂ ಪರೀಕ್ಷಿಸುವುದರಲ್ಲಿ ಎಷ್ಟು ಮಗ್ನನಾದನೆಂದರೆ ವೈದ್ಯವೃತ್ತಿ ಹಿಂದೆ ಬಿತ್ತು. ಅವನು ಪಿಟೀಲಿನ ಸುಂದರವಾದ ಸೊಂಟವನ್ನು ತೆಗೆದುಹಾಕಿ, ಪೆಟ್ಟಿಗೆಯಂಥ ನೇರ ಅಂಚುಗಳ ಪಿಟೀಲೊಂದನ್ನು ಮಾಡಿದನು. ಅದನ್ನು ಕೇಳಿದ ಪಂಡಿತರು ನಾದದಲ್ಲಿ ಅದು ಒಳ್ಳೆಯ ಪಿಟೀಲಿಗೆ ಕಡಮೆಯಿಲ್ಲವೆಂದರು. ಆದರೂ ಯಾರೂ ಅದನ್ನು ಕೊಳ್ಳಲಿಲ್ಲ. ಕಣ್ಣೂ ಸಂಗೀತ ಕೇಳುತ್ತದೆಯೋ ಏನೋ!

ಯೂರೋಪಿನವರ ಪಿಟೀಲು ಕೂಡ ಮೊದಲಿನಿಂದ ಇಷ್ಟು ದೊಡ್ಡ ದನಿಯದಾಗಿರಲಿಲ್ಲ. ೧೭೩೭ರಲ್ಲಿ ತೀರಿಕೊಂಡ ಸ್ಟ್ರಾಡಿವಾರಿಯ ವಾದ್ಯಗಳು ಶ್ರೀಮಂತರ ಕೋಣೆಗಳಿಗಾಗಿಯೂ ದೇವಾಲಯಗಳಿಗಾಗಿಯೂ ಹುಟ್ಟಿದವು. ಟಿಕೆಟ್ಟು ಕೊಂಡು ಬರುವ ಜನರಿಗಾಗಿ ದೊಡ್ಡ ಸಭಾಂಗಣಗಳು ಎದ್ದ ಮೇಲೆ, ೧೮೦೦ರ ಆಸುಪಾಸಿನಲ್ಲಿ, ಅವುಗಳ ಕತ್ತನ್ನು ಉದ್ದಮಾಡಿ ಹಿಂದಕ್ಕೆ ವಾಲಿಸಿ, ಒಳಗಿನ ಆಧಾರಪಟ್ಟಿಯನ್ನು ದಪ್ಪಮಾಡಿ, ತಂತಿಗಳನ್ನು ಇನ್ನೂ ಬಿಗಿದರು. ಇಂದು ಲಕ್ಷಾಂತರಕ್ಕೆ ಮಾರುವ ಆ ಪುರಾತನ ಪಿಟೀಲುಗಳಲ್ಲಿ ಬಹುಪಾಲು ಹೀಗೆ ಶಸ್ತ್ರಚಿಕಿತ್ಸೆಗೆ ಒಳಗಾದವುಗಳೇ. ಸಭೆ ಬೆಳೆದಾಗ ವಾದ್ಯವೂ ಬೆಳೆಯಬೇಕಾಗುವುದೆಂಬುದಕ್ಕೆ ಇದು ನಿದರ್ಶನ. ಮುಂದೆ ನಮ್ಮ ಊರಿನಲ್ಲಿಯೂ ಇದನ್ನೇ ಕಾಣುತ್ತೇವೆ.

ನಮ್ಮ ವಾದ್ಯಗಳನ್ನು ಹೊಸ ಶಬ್ದಶಾಸ್ತ್ರದ ಕಣ್ಣಿನಿಂದ ಮೊದಲು ನೋಡಿದವರಲ್ಲಿ ಅಗ್ರಗಣ್ಯರು ಸರ್ ಚಂದ್ರಶೇಖರ ವೆಂಕಟರಾಮನ್ ಅವರು. ಬೆಳಕಿನ ವಿಷಯದಲ್ಲಿ ಅವರು ಕಂಡುಹಿಡಿದುದಕ್ಕೆ ೧೯೩೦ರಲ್ಲಿ ನೊಬೆಲ್ ಬಹುಮಾನ ಬಂದುದು ಲೋಕಕ್ಕೆ ತಿಳಿದಿದೆ. ಅದಕ್ಕೆ ಮುಂಚೆ ಹಲವು ವರ್ಷ ಅವರು ತಂತಿ ಮತ್ತು ಮದ್ದಳೆಗಳ ಬೆನ್ನುಹತ್ತಿದ್ದರೆಂಬುದು ಅಷ್ಟಾಗಿ ತಿಳಿಯದು. ಅವರ ತಂದೆ ಪಿಟೀಲು ನುಡಿಸುತ್ತಿದ್ದರು. ಪತ್ನಿ ಲೋಕಸುಂದರಿ ಅಮ್ಮಾಳ್ ಅವರಿಗೆ ವೀಣೆ ಬರುತ್ತಿತ್ತು. ಕಲ್ಕತ್ತೆಯಲ್ಲಿ ಹಗಲು ಸರ್ಕಾರದ ಲೆಕ್ಕಪತ್ರದ ಕೆಲಸ, ಬೆಳಗ್ಗೆ ಸಂಜೆ ಪ್ರಯೋಗ. ಹೀಗೆ ಪ್ರಾರಂಭವಾದ ಪರಿಶ್ರಮದಿಂದ ೧೯೧೮ರಲ್ಲಿ ಪಿಟೀಲಿನ ತಂತಿಯ ಚಲನೆಯನ್ನು ಕುರಿತು ದೊಡ್ಡ ಗ್ರಂಥವೊಂದು ಹೊರಬಂತು.

ವೀಣೆಯ ಮತ್ತು ತಂಬೂರಿಯ ವಿಷಯಕ್ಕೆ ಅವರು ೧೯೨೧ರಲ್ಲಿ ಬಂದರು. ಪಿಟೀಲಿನ ಕುದುರೆಯ ನೆತ್ತಿ ಚೂಪು. ತಂತಿ ಅದನ್ನು ಒಂದು ಗೆರೆಯಲ್ಲಿ ಮಾತ್ರ ಮುಟ್ಟುವುದು. ವೀಣೆಯ ಕುದುರೆಯ ಮೇಲೆ ಅಗಲವಾದ ಲೋಹದ ಪಟ್ಟಿಯುಂಟು, ಅದಕ್ಕೆ ಕಂಡೂ ಕಾಣದಷ್ಟು ಇಳಿಜಾರು. ತಂತಿ ಅದುರುವಾಗ ಆ ಇಳಿಜಾರನ್ನು ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಮೆಯಾಗಿಯೂ ತಬ್ಬಿ ಬಿಡುತ್ತಿರುವುದು. ತಂಬೂರಿಯಲ್ಲಿ ಎಳೆ ದಾರವೊಂದನ್ನು ತಂತಿಯ ಕೆಳಗೆ ಸರಿಸಿ ಸರಿಸಿ ‘ಜೀವ’ ಹುಡುಕುವುದೂ ಈ ಸ್ಪರ್ಶವನ್ನು ಹದಕ್ಕೆ ತರುವುದಕ್ಕಾಗಿಯೇ. ಯೂರೋಪಿನ ಶಾಸ್ತ್ರದಲ್ಲಿ, ೧೮೦೦ರಲ್ಲಿ ಥಾಮಸ್ ಯಂಗ್ ಹೇಳಿದ ನಿಯಮವೊಂದಿತ್ತು: ಒಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ತಂತಿಯನ್ನು ಮೀಟಿದರೆ ಆ ಉಪಸ್ವರ ಹುಟ್ಟಕೂಡದು. ರಾಮನ್ ಅವರು ನಮ್ಮ ತಂತಿಯನ್ನು ಸರಿಯಾಗಿ ಆ ಬಿಂದುವಿನಲ್ಲಿಯೇ ಮೀಟಿ ಕಿವಿಗೊಟ್ಟರು. ಹುಟ್ಟಕೂಡದ ಉಪಸ್ವರ ಸ್ಪಷ್ಟವಾಗಿ ನುಡಿಯಿತು! ಕುದುರೆಯ ಆ ಇಳಿಜಾರು ಬುಡದ ಸ್ವರದ ಶಕ್ತಿಯನ್ನು ತೆಗೆದು ತೆಗೆದು ಮೇಲಣ ಸ್ವರಗಳಿಗೆ ಹಂಚುತ್ತಿರುವುದು. ನಮ್ಮ ಕಿವಿ ಸೆಕೆಂಡಿಗೆ ಎರಡು ಮೂರು ಸಾವಿರ ಕಂಪನಗಳ ಪ್ರಾಂತದಲ್ಲಿ ಅತಿ ಚುರುಕು. ಶಕ್ತಿ ಅಷ್ಟೇ ಇದ್ದರೂ ಅದನ್ನು ಕಿವಿ ಚುರುಕಾಗಿರುವ ಕಡೆಗೆ ಕಳುಹಿಸಿದರೆ ನಾದ ತುಂಬಿ ಬಂದಂತೆ ತೋರುವುದು. ದನಿಯನ್ನು ದೊಡ್ಡದು ಮಾಡದೆ ಹೆಚ್ಚು ಕೇಳಿಸುವಂತೆ ಮಾಡುವ ಉಪಾಯ ಇದು. ಇದನ್ನು ಕಂಡವನ ಹೆಸರು ಉಳಿದಿಲ್ಲ.

ಮೃದಂಗದ ಕಥೆ ಇನ್ನೂ ಸ್ವಾರಸ್ಯವಾದುದು. ಬಿಗಿದ ಚರ್ಮಕ್ಕೂ ಬಿಗಿದ ತಂತಿಗೂ ಒಂದು ದೊಡ್ಡ ಭೇದವಿದೆ. ತಂತಿಯ ಉಪಸ್ವರಗಳು ಬುಡದ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಸಾಲಾಗಿ ನಿಲ್ಲುವುವು. ಆದುದರಿಂದ ಕಿವಿ ಅವೆಲ್ಲವನ್ನೂ ಒಂದೇ ನಾದವಾಗಿ ಸ್ವೀಕರಿಸುವುದು. ದುಂಡಾದ ಬರಿಯ ಚರ್ಮದ ಉಪಸ್ವರಗಳು ೧.೫೯, ೨.೧೪, ೨.೩೦ ಎಂದು ಅಡ್ಡಾದಿಡ್ಡಿಯಾಗಿ ಬರುವುವು. ಒಂದಕ್ಕೊಂದು ಹೊಂದದ ಈ ಗುಂಪು ಕಿವಿಗೆ ಸದ್ದೇ ಹೊರತು ಸ್ವರವಲ್ಲ. ತಮಟೆ ನಗಾರಿಗಳು ಶ್ರುತಿಯ ಗೊಡವೆಗೆ ಹೋಗದಿರುವುದು ಇದರಿಂದಲೇ. ಮೃದಂಗವಾದರೋ ಷಡ್ಜಕ್ಕೆ ಸೇರಿ ನಿಲ್ಲುವುದು. ೧೯೨೦ರಲ್ಲಿ ರಾಮನ್ ಅವರು ತಮ್ಮ ಸಹೋದ್ಯೋಗಿಯೊಬ್ಬರೊಡನೆ ಲಂಡನ್ನಿನ ‘ನೇಚರ್’ ಪತ್ರಿಕೆಗೆ ಇದನ್ನು ಬರೆದರು. ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದು, ಮರುವರ್ಷ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಪೂರ್ಣವಾಗಿ ವಿವರಿಸಿದರು.

ರಹಸ್ಯವೆಲ್ಲ ಬಲಮುಖದ ನಡುವಿನ ಕಪ್ಪು ಕರಣೆಯಲ್ಲಿದೆ. ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಒಂದರ ಮೇಲೊಂದು ತೆಳು ಪದರವಾಗಿ ಹಚ್ಚಿ, ಪ್ರತಿಯೊಂದನ್ನೂ ಕಲ್ಲಿನಿಂದ ಉಜ್ಜಿ ಒಣಗಿಸುತ್ತಾರೆ. ಮಧ್ಯದಲ್ಲಿ ದಪ್ಪ, ಅಂಚಿಗೆ ಹೋಗುತ್ತ ತೆಳು. ಈ ಭಾರದಿಂದ ಚರ್ಮದ ಕಂಪನಗಳೆಲ್ಲ ತಮ್ಮ ಹಳೆಯ ಸ್ಥಾನವನ್ನು ಬಿಟ್ಟು ಸರಿಯುವುವು. ಎಷ್ಟು ಸರಿಯುವುವು? ಮೊದಲ ಒಂಬತ್ತು ಬಗೆಯ ಕಂಪನಗಳು ಕೂಡಿ ಕೇವಲ ಐದು ಸ್ವರಗಳಾಗಿ, ೧, ೨, ೩, ೪, ೫ ಎಂಬ ತಂತಿಯ ಸಾಲಿನಲ್ಲಿಯೇ ಬಂದು ನಿಲ್ಲುವಷ್ಟು! ರಾಮನ್ ಅವರು ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಬಾರಿಸಿದರು. ಅದುರುವ ಕಡೆಯ ಮರಳು ಹಾರಿ ಅದುರದ ಗೆರೆಗಳಲ್ಲಿ ಕೂಡಿಕೊಂಡು, ರಂಗೋಲಿಯಂತೆ ಕಂಪನದ ಚಿತ್ರವನ್ನು ಬರೆಯಿತು. ಹಲಗೆಗಳ ಮೇಲೆ ಈ ಮರಳಿನಾಟವನ್ನು ೧೭೮೭ರಲ್ಲಿ ಪ್ರಕಟಿಸಿದವನು ಜರ್ಮನಿಯ ಕ್ಲಾಡ್ನಿ; ಮುಂದೆ ನೆಪೋಲಿಯನ್ ಚಕ್ರವರ್ತಿ ಅದನ್ನು ನೋಡಿ ಬೆರಗಾಗಿ, ಅದರ ಗಣಿತವನ್ನು ಬಿಡಿಸಿದವರಿಗೆ ಬಹುಮಾನವನ್ನೇ ಸಾರಿಸಿದ್ದನು. ನಮ್ಮ ವಿದ್ವಾಂಸರು ಉಂಗುರದ ಬೆರಳನ್ನು ಹಗುರವಾಗಿ ಊರಿ ತೋರುಬೆರಳಿನಿಂದ ಬಾರಿಸುವುದು ಸರಿಯಾಗಿ ಆ ಗೆರೆಗಳನ್ನು ಅನುಸರಿಸಿಯೇ. ಬೇಡದ ಕಂಪನವನ್ನು ಬೆರಳು ಅಡಗಿಸುವುದು, ಬೇಕಾದದ್ದನ್ನು ಬಿಡುವುದು.

ಈ ವಿದ್ಯೆ ಎಷ್ಟು ಹಳೆಯದು? ನಾಟ್ಯಶಾಸ್ತ್ರದಲ್ಲಿ ಒಂದು ಕಥೆಯಿದೆ. ಸ್ವಾತಿಯೆಂಬ ಮುನಿ ನೀರಿಗೆಂದು ಸರೋವರಕ್ಕೆ ಹೋದಾಗ ಮಳೆ ಬಂತು. ಹಿರಿದು, ನಡುತರ, ಕಿರಿದು ಎಂಬ ಬಗೆಬಗೆಯ ತಾವರೆಯೆಲೆಗಳ ಮೇಲೆ ಬಿದ್ದ ಹನಿಗಳು ಬೇರೆಬೇರೆ ದನಿ ಮಾಡಿದುದನ್ನು ಕೇಳಿ ಅವನು ಪುಷ್ಕರವಾದ್ಯಗಳನ್ನು ಕಲ್ಪಿಸಿದನಂತೆ. ಕಥೆ ಕಥೆಯಾಗಿರಲಿ. ಆ ಗ್ರಂಥದಲ್ಲಿಯೇ, ಹೊಳೆಯ ದಡದ ಮೆತ್ತನೆಯ ಮಣ್ಣನ್ನು ಮುಖಕ್ಕೆ ಹಚ್ಚಿ ಶ್ರುತಿಮಾಡುವ ವಿಧಾನವೂ ಉಂಟು. ಹೊಳೆಯ ಮಣ್ಣಿನಿಂದ ಕರಣೆಗೆ ಬರುವುದರೊಳಗೆ ಎಷ್ಟು ತಲೆಮಾರಿನ ಕಿವಿಗಳು ದುಡಿದಿರಬೇಕು! ಎಡಮುಖಕ್ಕೆ ಕಚೇರಿಯ ಮುಂಚೆ ರವೆಯ ಮುದ್ದೆಯನ್ನು ಹಚ್ಚಿ ಮುಗಿದ ಮೇಲೆ ಕೆರೆದುಹಾಕುವ ಪದ್ಧತಿಯಲ್ಲಿ ಆ ಹಳೆಯ ಮಣ್ಣಿನ ನೆನಪು ಇನ್ನೂ ಇದೆಯೆಂದು ನಮಗೆ ತೋರುವುದು.

ಊದುವ ವಾದ್ಯಗಳನ್ನು ಕುರಿತು ಎರಡೇ ಮಾತು. ಅಲ್ಲಿ ನುಡಿಯುವುದು ಕೊಳವೆಯ ಮರವಲ್ಲ, ಒಳಗಿನ ಗಾಳಿಯ ಕಂಬ. ನಾಗಸ್ವರದ ಸೀವಾಳಿ ಉಸಿರನ್ನು ಸೆಕೆಂಡಿಗೆ ನೂರಾರು ತುಣುಕುಗಳಾಗಿ ಕತ್ತರಿಸುವುದು. ಕೆಳಕ್ಕೆ ಅಗಲವಾಗುತ್ತ ಹೋಗುವ ಕೊಳವೆ ಆ ಕಂಪನವನ್ನು ಬಯಲಿಗೆ ಸರಾಗವಾಗಿ ಬಿಟ್ಟುಕೊಡುವುದು. ಎದೆಯ ಬಲ ನಿಲ್ಲದೆ ಒದಗುತ್ತಿರುವುದರಿಂದ ಇಲ್ಲಿ ಜಿಪುಣತನದ ಪ್ರಶ್ನೆಯೇ ಇಲ್ಲ. ಉತ್ಸವದ ಬೀದಿಗೆ ನಾಗಸ್ವರ, ಮನೆಯ ಹಜಾರಕ್ಕೆ ವೀಣೆ. ಹಿರಿಯರು ಸ್ಥಳವನ್ನು ನೋಡಿ ವಾದ್ಯವನ್ನು ಏರ್ಪಡಿಸಿದ್ದರು.

ಆದರೆ ಸ್ಥಳವೇ ಬದಲಾಯಿತು. ವೀಣೆ ಶೇಷಣ್ಣನವರ ಕಾಲದಲ್ಲಿ (೧೮೫೨–೧೯೨೬) ವೀಣೆಯನ್ನು ಕೇಳುತ್ತಿದ್ದುದು ಅರಮನೆಯ ತೊಟ್ಟಿಗಳಲ್ಲಿ, ಮನೆಯ ಹಜಾರಗಳಲ್ಲಿ. ಕೇಳುವವರು ಕೆಲವರು, ಕುಳಿತಿದ್ದುದು ಹತ್ತಿರ. ಸಾರ್ವಜನಿಕ ಸಭೆಗಳೂ ರಾಮೋತ್ಸವದ ಚಪ್ಪರಗಳೂ ಬಂದ ಮೇಲೆ ಹಿಂದಿನ ಸಾಲು ಎಂಬುದೊಂದು ಹುಟ್ಟಿಕೊಂಡಿತು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರು ಪಕ್ಕವಾದ್ಯಕ್ಕೆ ಕುಳಿತಾಗ ತಮ್ಮ ಪಿಟೀಲು ಆ ಸಾಲಿಗೆ ಮುಟ್ಟುತ್ತಿಲ್ಲವೆಂದು ಕಂಡುಕೊಂಡರು. ೧೯೨೭ರ ಸುಮಾರಿಗೆ ಅವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಜೋಡಿಸಿದರು. ತಂತಿಯ ಪಕ್ಕದಲ್ಲಿ ಅದರದೇ ಸ್ವರವನ್ನು ಬೇರೊಂದು ಸ್ಥಾಯಿಯಲ್ಲಿ ನುಡಿಯುವ ಜೊತೆ ತಂತಿ. ಕಮಾನು ಒಂದೇ ಎಳೆತದಲ್ಲಿ ಎರಡನ್ನೂ ನುಡಿಸುವುದು, ಬೆರಳು ಎರಡನ್ನೂ ಒಟ್ಟಿಗೆ ಒತ್ತುವುದು. ನಾವು ಮೇಲೆ ಹೇಳಿದ ಲೆಕ್ಕಕ್ಕೆ ಇದು ವಿರೋಧವಲ್ಲ. ಎರಡು ತಂತಿಗಳನ್ನು ಎಳೆಯುವ ತೋಳು ಹೆಚ್ಚು ದುಡಿಯಲೇಬೇಕು; ಹೆಚ್ಚಿದ ದನಿಯ ಬೆಲೆಯನ್ನು ಚೌಡಯ್ಯನವರ ತೋಳು ತೆತ್ತಿತು. ಎರಡು ತಂತಿಗಳೂ ಎಳ್ಳಷ್ಟೂ ಭೇದವಿಲ್ಲದೆ ಶ್ರುತಿ ಸೇರಿರಬೇಕು. ಇಲ್ಲದಿದ್ದರೆ ಇಬ್ಬರು ಜಗಳವಾಡುತ್ತ ಹಾಡಿದಂತಾಗುವುದು. ಆ ಸಾಹಸ ಎಲ್ಲರಿಗೂ ಸಾಧ್ಯವಾಗುವಂಥದಾಗಿರಲಿಲ್ಲ.

ಅದೇ ಸಮಯಕ್ಕೆ ಲೋಕದಲ್ಲಿ ಬೇರೊಂದು ಮಾರ್ಗ ತೆರೆಯುತ್ತಿತ್ತು. ಮೊದಮೊದಲಿನ ಗ್ರಾಮಫೋನು ಮುದ್ರಣದಲ್ಲಿ ಪಿಟೀಲಿನ ದನಿ ಸಾಲದೆ, ಸ್ಟ್ರೋ ಎಂಬಾತ ೧೮೯೯ರಲ್ಲಿ ಮರದ ಹೊಟ್ಟೆಯನ್ನೇ ತೆಗೆದು, ತಂತಿಗಳ ಕೆಳಗೆ ಅಲ್ಯೂಮಿನಿಯಂ ತಗಡನ್ನೂ ಕಹಳೆಯನ್ನೂ ಹೂಡಿದ ಪಿಟೀಲೊಂದಕ್ಕೆ ಹಕ್ಕು ಪಡೆದಿದ್ದನು. ೧೯೨೫ರಲ್ಲಿ ವಿದ್ಯುತ್ತಿನ ಮುದ್ರಣ ಬಂದ ಮೇಲೆ ಆ ವಿಚಿತ್ರ ವಾದ್ಯಕ್ಕೆ ಕೆಲಸ ತಪ್ಪಿತು. ಮೈಕ್ರೋಫೋನು ನಾದವನ್ನು ಹಲಗೆಯಂತೆ ಹಂಚುವುದಲ್ಲ. ನಾದದ ಆಕಾರವನ್ನು ಮಾತ್ರ ವಿದ್ಯುತ್ತಿನಲ್ಲಿ ಬರೆದುಕೊಳ್ಳುವುದು. ಬಲವನ್ನು ಬೇರೊಂದು ಯಂತ್ರ ಬೇರೊಂದು ಬೊಕ್ಕಸದಿಂದ ತಂದು ತುಂಬುವುದು. ತಂತಿಯ ಗಂಟಿನಿಂದ ಒಂದು ಕಾಸೂ ಹೆಚ್ಚಾಗಿ ಖರ್ಚಾಗದು. ದೊಡ್ಡ ದನಿಗೂ ದೀರ್ಘ ದನಿಗೂ ಇದ್ದ ಹಳೆಯ ವೈರ ಇಲ್ಲಿ ಮೊದಲ ಸಲ ಬಗೆಹರಿಯಿತು.

೧೯೩೫ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದಾಗ ಇದರ ಫಲ ನಮ್ಮ ಊರಿಗೂ ದೊರೆಯಿತು. ಬಾನುಲಿಯ ಮುಂದೆ ಕುಳಿತವನಿಗೆ ಹಿಂದಿನ ಸಾಲೆಂಬುದಿಲ್ಲ. ನಾಗಸ್ವರವೂ ವೀಣೆಯೂ ಒಂದೇ ದೂರದಲ್ಲಿರುವುವು, ಗುಂಡಿ ತಿರುಗಿಸುವವನು ಅವನೇ. ವೀಣೆಯ ಮೀಟು ಅಡಗಿದ ಮೇಲೂ ಎಳೆಯುತ್ತಿರುವ ಕೊನೆಯ ಗಮಕ, ಹಜಾರದಲ್ಲಿ ಮೊದಲ ಸಾಲಿನವರಿಗೆ ಮಾತ್ರ ಮೀಸಲಾಗಿದ್ದದ್ದು, ಊರಾಚೆಯ ಮನೆಯಲ್ಲಿಯೂ ಕೇಳಿಸಿತು. ಸಭೆಗಳಿಗೂ ಧ್ವನಿವರ್ಧಕಗಳು ಬಂದುವು. ಅವುಗಳ ಆರ್ಭಟದಿಂದ ವೀಣೆಯನ್ನು ನಗಾರಿಯಾಗಿಸುವ ಚಪಲವೂ ಬಂತೆಂಬುದನ್ನು ನಾವು ಮರೆಮಾಚುವುದಿಲ್ಲ.

ಚೌಡಯ್ಯನವರು ೧೯೬೭ರಲ್ಲಿ ತೀರಿಕೊಂಡರು. ಏಳು ತಂತಿಯ ಪಿಟೀಲನ್ನು ಹಿಡಿದವರು ಅವರ ತರುವಾಯ ವಿರಳ. ಮೈಕು ಬಂದ ಮೇಲೆ ನಾಲ್ಕೇ ಸಾಕೆಂದಾಯಿತು. ಅವರ ಹೆಸರಿನ ಸಭಾಂಗಣವೊಂದು ಬೆಂಗಳೂರಿನಲ್ಲಿ ೧೯೮೦ರಲ್ಲಿ ತೆರೆಯಿತು. ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಕುದುರೆ, ಬಿರಡೆ, ತಂತಿ, ಕಮಾನು, ಎಲ್ಲವೂ ಉಂಟು. ಒಳಗೆ ಸಾವಿರಕ್ಕೂ ಹೆಚ್ಚು ಮಂದಿ ಕೂರಬಹುದು. ಕಚೇರಿಗೆ ಮುಂಚೆ ಅಲ್ಲಿಯೂ ಮೊದಲು ವೇದಿಕೆಗೆ ಬರುವವನು ಮೈಕನ್ನು ಸರಿಪಡಿಸುವವನೇ.